ಕೊಡಗಿನ ಹೊಳೆ ಸೊರಗಿದರೆ ಕಾಸರಗೋಡಿಗೆ ಉಪ್ಪುನೀರು

ಕಾಸರಗೋಡು ಪಟ್ಟಣದವರ ಮುಂದೆ ಬಾವಿಕ್ಕರ ಎಂದರೆ ಸಾಕು, ಉಪ್ಪುನೀರಿನ ಮಾತು ಬಂದೇ ಬರುತ್ತದೆ. ಚಂದ್ರಗಿರಿ ಹೊಳೆಯ ದಡದ ಈ ಊರಿನಲ್ಲಿ ಕೇರಳ ಜಲ ಪ್ರಾಧಿಕಾರದ ಪಂಪುಮನೆ ಇದೆ. ಪಟ್ಟಣಕ್ಕೂ ಸುತ್ತಲಿನ ಪಂಚಾಯಿತಿಗಳಿಗೂ ನಲ್ಲಿ ನೀರು ಹೋಗುವುದು ಅಲ್ಲಿಂದ. ಬಹಳ ವರ್ಷಗಳ ಕಾಲ ಏಪ್ರಿಲ್, ಮೇ ತಿಂಗಳಲ್ಲಿ ಆ ನಲ್ಲಿಗಳಲ್ಲಿ ಬರುತ್ತಿದ್ದದ್ದು ಬಾಯಿಗಿಡಲಾಗದ ನೀರು. ಚಹಾಕ್ಕೆ ಆಗದು, ಅನ್ನಕ್ಕೆ ಆಗದು, ಸೋಪು ಹಚ್ಚಿದರೆ ನೊರೆ ಬಾರದು. ಬಾವಿ ಇದ್ದವರು ಬಾವಿ ನೀರು ಸೇದಿದರು, ಇಲ್ಲದವರು ಟ್ಯಾಂಕರಿಗೆ ಕಾದರು. ನಲ್ಲಿಯ ಬಿಲ್ಲು ಮಾತ್ರ ಎಂದಿನಂತೆ ಬರುತ್ತಿತ್ತು.

ಆ ನೀರಿನ ತವರು ಕೊಡಗು. ತಲಕಾವೇರಿಯ ಸೀಮೆಯಿಂದ ಪಡುವಣಕ್ಕೆ ಇಳಿಯುವ ಬೆಟ್ಟಗಳಲ್ಲಿ, ಪಟ್ಟಿಘಾಟ್ ರಕ್ಷಿತಾರಣ್ಯದ ಕಾಡಿನಲ್ಲಿ ಪಯಸ್ವಿನಿ ಹುಟ್ಟುತ್ತದೆ. ಜೋಡುಪಾಲ, ಕೊಯನಾಡು, ಸಂಪಾಜೆಯ ಕೊಲ್ಲಿಗಳ ನೀರನ್ನೆಲ್ಲ ಸೇರಿಸಿಕೊಂಡು, ಕಲ್ಲುಗುಂಡಿ, ಅರಂತೋಡು ದಾಟಿ, ಸುಳ್ಯ ಪಟ್ಟಣಕ್ಕೆ ಕುಡಿಯುವ ನೀರು ಕೊಟ್ಟು, ಜಾಲ್ಸೂರಿನ ಆಚೆ ಕೇರಳದ ಗಡಿ ಹೊಕ್ಕು ಚಂದ್ರಗಿರಿಯಾಗುತ್ತದೆ. ಬೆಟ್ಟದಿಂದ ಕಡಲಿಗೆ ನೂರು ಕಿಲೋಮೀಟರಿಗಿಂತ ತುಸು ಹೆಚ್ಚು ದೂರ, ಅಷ್ಟೆ. ಕಾವೇರಿ ಬಂಗಾಳ ಕೊಲ್ಲಿ ಮುಟ್ಟಲು ಎಂಟುನೂರು ಕಿಲೋಮೀಟರು ನಡೆಯಬೇಕು. ಅದೇ ಬೆಟ್ಟಸಾಲಿನ ಇನ್ನೊಂದು ಮಗ್ಗುಲಿಗೆ ಬಿದ್ದ ಹನಿ ಮಳೆಗಾಲದಲ್ಲಿ ನೋಡನೋಡುತ್ತಿದ್ದಂತೆ ಅರಬ್ಬೀ ಸಮುದ್ರ ಸೇರಿರುತ್ತದೆ.

ಕೊಡಗಿಗೆ ಒಂದಡಿ ಕಡಲತೀರವೂ ಇಲ್ಲ. ಆದರೂ ಏಪ್ರಿಲ್ ತಿಂಗಳ ಉಬ್ಬರದಲ್ಲಿ ಕಡಲು ಚಂದ್ರಗಿರಿಯೊಳಗೆ ಎಲ್ಲಿಯವರೆಗೆ ಏರಿ ಬರಬೇಕು ಎನ್ನುವುದರಲ್ಲಿ ಕೊಡಗಿನ ಪಾಲು ದೊಡ್ಡದು. ನಮ್ಮಲ್ಲಿ ಯಾರೂ ಇದನ್ನು ಹೀಗೆ ಯೋಚಿಸಿ ನೋಡುವುದಿಲ್ಲ ಎಂಬುದೇ ಈ ಬರಹಕ್ಕೆ ಕಾರಣ.

ಹೊಳೆಗೆ ಉಪ್ಪು ಏರುವ ಬಗೆಯನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಕಡಲ ನೀರಿನ ಒಂದು ಲೀಟರಿನಲ್ಲಿ ಸುಮಾರು 35 ಗ್ರಾಂ ಲವಣ ಇರುತ್ತದೆ. ಹಾಗಾಗಿ ಅದು ಸಿಹಿನೀರಿಗಿಂತ ಭಾರ. ಅಳಿವೆಯಲ್ಲಿ ಎರಡೂ ಎದುರಾದಾಗ ತಕ್ಷಣ ಕಲೆಯುವುದಿಲ್ಲ. ದೀಪದ ಬಟ್ಟಲಿನಲ್ಲಿ ನೀರಿನ ಮೇಲೆ ಎಣ್ಣೆ ನಿಂತಂತೆ, ಉಪ್ಪುನೀರು ತಳ ಹಿಡಿದು, ಸಿಹಿನೀರು ಅದರ ಮೇಲೆ ಹಾಸಿಕೊಳ್ಳುತ್ತದೆ. ಉಬ್ಬರ ಬಂದಾಗಲೆಲ್ಲ ಆ ತಳದ ಪದರ ಹೊಳೆಯ ಮರಳನ್ನು ತಬ್ಬಿಕೊಂಡು ಒಳನಾಡಿಗೆ ತೆವಳುತ್ತದೆ. ಮೇಲಿಂದ ಬೊಗಸೆಯಲ್ಲಿ ಎತ್ತಿ ಕುಡಿದರೆ ಸಿಹಿ, ಆಳದಲ್ಲಿ ಇಳಿಬಿಟ್ಟ ಪಂಪಿನ ಫುಟ್‌ವಾಲ್ವ್ ಎಳೆಯುವುದು ಉಪ್ಪು. ತೋಟದವರು ಮೋಸ ಹೋಗುವುದು ಇಲ್ಲಿಯೇ. ಹೊಳೆ ನೀರು ನಾಲಗೆಗೆ ಚೆನ್ನಾಗಿಯೇ ಇತ್ತಲ್ಲ ಎನ್ನುತ್ತಿರುವಾಗ ಅಡಿಕೆ ಸಸಿಯ ಗರಿಯ ತುದಿ ಕಂದುಬಣ್ಣಕ್ಕೆ ತಿರುಗಿ ಸುಟ್ಟಂತಾಗಿರುತ್ತದೆ. ತೆಂಗು ಒಂದಿಷ್ಟು ಉಪ್ಪನ್ನು ತಾಳಿಕೊಳ್ಳುತ್ತದೆ, ಅಡಿಕೆಗೆ ಆ ಶಕ್ತಿ ಇಲ್ಲ.

ಈ ತೆವಳಿಕೆಯನ್ನು ತಡೆಯುವುದು ಮೇಲಿಂದ ಹರಿದು ಬರುವ ಹೊಳೆಯ ಒತ್ತು. ಮಳೆಗಾಲದಲ್ಲಿ ಚಂದ್ರಗಿರಿ ಕೆಂಪಗೆ ತುಂಬಿ ಹರಿಯುವಾಗ ಉಪ್ಪು ಅಳಿವೆಯ ಬಾಗಿಲಿನಲ್ಲೇ ನಿಲ್ಲಬೇಕಾಗುತ್ತದೆ. ಮಾರ್ಚ್ ಹೊತ್ತಿಗೆ ಹೊಳೆ ಸಣ್ಣದಾಗುತ್ತ ಹೋದಂತೆ ಕಡಲು ಮುಂದೊತ್ತುತ್ತದೆ. ಎಷ್ಟು ಸ್ವಲ್ಪ ಉಪ್ಪು ಎಷ್ಟು ನೀರನ್ನು ಕೆಡಿಸುತ್ತದೆ ಎಂಬ ಲೆಕ್ಕ ಗಾಬರಿ ಹುಟ್ಟಿಸುವಂಥದು. ಭಾರತೀಯ ಮಾನಕ ಬ್ಯೂರೊ ಪ್ರಕಾರ ಕುಡಿಯುವ ನೀರಿನಲ್ಲಿ ಕ್ಲೋರೈಡ್ ಲೀಟರಿಗೆ 250 ಮಿಲಿಗ್ರಾಂ ಒಳಗಿರಬೇಕು. ಕಡಲ ನೀರಿನಲ್ಲಿ ಅದು ಸುಮಾರು 19,000 ಮಿಲಿಗ್ರಾಂ. ಅಂದರೆ ಒಂದು ಕೊಡ ಕಡಲ ನೀರು ಎಪ್ಪತ್ತೈದು ಕೊಡ ಒಳ್ಳೆಯ ನೀರನ್ನು ಆ ಮಿತಿಗೆ ತಂದು ನಿಲ್ಲಿಸುತ್ತದೆ. ಬೇರೆ ಮೂಲವೇ ಇಲ್ಲದ ಕಡೆ 1,000 ಮಿಲಿಗ್ರಾಂವರೆಗೂ ಒಪ್ಪಬಹುದೆಂದು ಅದೇ ಮಾನಕ ಹೇಳುತ್ತದೆ. ಅಂಥ ನೀರನ್ನು ದಿನಕ್ಕೆ ಮೂರು ಲೀಟರ್ ಕುಡಿದರೆ ಹೆಚ್ಚುಕಡಿಮೆ ಐದು ಗ್ರಾಂ ಉಪ್ಪು ಹೊಟ್ಟೆಗೆ ಹೋಯಿತು. ಒಬ್ಬ ವಯಸ್ಕ ಇಡೀ ದಿನದಲ್ಲಿ ಊಟದ ಉಪ್ಪೂ ಸೇರಿ ತಿನ್ನಬೇಕಾದದ್ದು ಐದು ಗ್ರಾಂಗಿಂತ ಕಡಿಮೆ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಕುದಿಸಿದರೆ ಸರಿಹೋದೀತು ಎಂದು ಎಷ್ಟೋ ಮನೆಗಳಲ್ಲಿ ನಂಬಿಕೆ ಇದೆ. ಕುದಿಸಿದರೆ ಕ್ರಿಮಿ ಸಾಯುತ್ತದೆ, ನೀರು ಆವಿಯಾಗುತ್ತದೆ, ಉಪ್ಪು ಪಾತ್ರೆಯಲ್ಲೇ ಉಳಿದು ಇನ್ನಷ್ಟು ಗಟ್ಟಿಯಾಗುತ್ತದೆ. ರಕ್ತದೊತ್ತಡ, ಮೂತ್ರಪಿಂಡದ ತೊಂದರೆ ಇರುವ ಹಿರಿಯರ ಮನೆಯಲ್ಲಿ ಇದು ಸಣ್ಣ ವಿಷಯವಲ್ಲ.

ಬಾವಿಕ್ಕರದಲ್ಲಿ ಇದಕ್ಕೆ ಮಾಡುತ್ತಿದ್ದ ಉಪಾಯ ಮರಳು ಚೀಲದ ಕಟ್ಟ. ಮಳೆಗಾಲ ಮುಗಿದು ಹೊಳೆಯ ರಭಸ ಇಳಿದ ಮೇಲೆ ಅಡ್ಡಕ್ಕೆ ಚೀಲ ಪೇರಿಸಿ ಉಪ್ಪುನೀರು ಮೇಲೇರದಂತೆ ತಡೆಯುವುದು. ಕಟ್ಟುವುದು ತಡವಾದರೆ ಕಟ್ಟದ ಹಿಂದೆಯೇ ಉಪ್ಪು ಸೇರಿಬಿಟ್ಟಿರುತ್ತದೆ. ಬೇಗ ಕಟ್ಟಿದರೆ ಅಕಾಲದ ಮಳೆಯೊಂದು ಬಂದು ಕೊಚ್ಚಿಕೊಂಡು ಹೋಗುತ್ತದೆ. ನಡುಬೇಸಿಗೆಯಲ್ಲಿ ಒಮ್ಮೆ ಉಪ್ಪು ಒಳಗೆ ಬಂತೆಂದರೆ ಜೂನ್ ಮಳೆಯವರೆಗೆ ಅದನ್ನು ಹೊರಹಾಕುವ ಶಕ್ತಿ ಹೊಳೆಗೆ ಇರುವುದಿಲ್ಲ. ವರ್ಷವರ್ಷವೂ ಇದೇ ಪಾಡು. ಶಾಶ್ವತ ರೆಗ್ಯುಲೇಟರಿನ ಕಾಮಗಾರಿ ಶುರುವಾಗಿ, ನಿಂತು, ಮತ್ತೆ ಶುರುವಾಗಿ, ಮತ್ತೆ ನಿಂತು, ಕೊನೆಗೆ ಪೂರ್ತಿಯಾದದ್ದು ಈ ದಶಕದ ಆರಂಭದಲ್ಲಿ. ಈಗ ಅಲ್ಲಿ ಬಾಗಿಲುಗಳಿರುವ ಗಟ್ಟಿ ಅಣೆ ಇದೆ. ಒಂದು ಪಟ್ಟಣ ಸಿಹಿನೀರಿಗಾಗಿ ಅಷ್ಟು ವರ್ಷ ಕಾಯಬೇಕಾಗಿ ಬಂದದ್ದು ಅನ್ಯಾಯವೇ. ಆದರೂ ಕೆಲಸ ಆಯಿತಲ್ಲ ಎಂದು ನೆಮ್ಮದಿಪಡೋಣ.

ನೆಮ್ಮದಿಗೂ ಒಂದು ಮಿತಿ ಇದೆ. ಅಣೆಯ ಬಾಗಿಲು ಕಡಲನ್ನು ತಡೆಯಬಲ್ಲದು, ಹೊಳೆಯನ್ನು ಹುಟ್ಟಿಸಲಾರದು. ಬಾಗಿಲ ಹಿಂದೆ ತುಂಬಲು ಮೇಲಿಂದ ನೀರು ಬರಬೇಕು.

ಆ ಮೇಲಿನ ನೀರು ಬರುವುದು ಕೊಡಗಿನ ಮಳೆಯಿಂದ. ಭಾಗಮಂಡಲದ ಸುತ್ತ ಒಳ್ಳೆಯ ವರ್ಷದಲ್ಲಿ ಐದಾರು ಸಾವಿರ ಮಿಲಿಮೀಟರ್ ಮಳೆಯಾಗುತ್ತದೆ. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಸುರಿದು ಮುಗಿಯುತ್ತದೆ. ಕೊಡಗಿನವರ ಮಳೆ ದೈವ ಪಾಡಿ ಇಗ್ಗುತ್ತಪ್ಪ ತನ್ನ ಒಡಹುಟ್ಟಿದವರೊಂದಿಗೆ ಶಂಖದಲ್ಲಿ ಕುಳಿತು ಕಡಲ ಮೇಲೆ ತೇಲಿ ಮಲೆಯಾಳ ತೀರಕ್ಕೆ ಬಂದು, ಅಲ್ಲಿಂದ ಘಟ್ಟ ಹತ್ತಿ ಕಕ್ಕಬ್ಬೆಯ ಬೆಟ್ಟದಲ್ಲಿ ನೆಲೆಸಿದ ಎಂಬ ಐತಿಹ್ಯ ಇದೆ. ಕಡಲಿನಿಂದ ಎದ್ದ ಮೋಡ ಘಟ್ಟಕ್ಕೆ ಬಡಿದು ಸುರಿಯುವುದನ್ನು ತಲೆಮಾರುಗಳಿಂದ ಕಂಡವರ ತಿಳಿವಳಿಕೆ ಆ ಕಥೆಯಲ್ಲಿ ಇದೆ ಎಂದೇ ನನಗೆ ಅನ್ನಿಸುತ್ತದೆ. ಕಡಲಿನೊಂದಿಗಿನ ನಂಟು ದೈವದ ಕಥೆಗೇ ನಿಂತಿಲ್ಲ. ರಸ್ತೆ ಇಲ್ಲದ ಕಾಲದಲ್ಲಿ ಕೊಡಗಿನ ಅಕ್ಕಿ ಹೇರೆತ್ತಿನ ಬೆನ್ನಿನ ಮೇಲೆ ಘಟ್ಟ ಇಳಿದು ಮಲಬಾರಿಗೆ ಹೋಗುತ್ತಿತ್ತು, ತಿರುಗಿ ಬರುವಾಗ ಅದೇ ಎತ್ತುಗಳ ಮೇಲೆ ಉಪ್ಪು ಬರುತ್ತಿತ್ತು. ಆಟಿ ತಿಂಗಳ ಜಡಿಮಳೆಯಲ್ಲಿ ಕೊಡಗಿನ ಅಡುಗೆಮನೆಗೆ ಬರುವ ಒಣಮೀನು ಇಂದಿಗೂ ಕರಾವಳಿಯದೇ.

ನಾಲ್ಕು ತಿಂಗಳಲ್ಲಿ ಸುರಿದದ್ದನ್ನು ಹನ್ನೆರಡು ತಿಂಗಳು ಹರಿಸುವ ಕೆಲಸ ಬೆಟ್ಟದ ಮಣ್ಣಿನದು. ಶೋಲಾ ಕಾಡು, ಸಾವಿರದ ಇನ್ನೂರಕ್ಕೂ ಹೆಚ್ಚು ದೇವರಕಾಡುಗಳು, ಕಾಡುಮರದ ನೆರಳಿನ ಕಾಫಿ ತೋಟಗಳ ದರಗು, ಇವೆಲ್ಲ ಮಳೆಯನ್ನು ಇಂಗಿಸಿ ನಿಧಾನಕ್ಕೆ ತೋಡಿಗೆ ಬಿಡುತ್ತವೆ. ನನ್ನ ಮಟ್ಟಿಗೆ ಇವುಗಳ ಸಾಲಿನಲ್ಲಿ ಮೊದಲು ನಿಲ್ಲಬೇಕಾದದ್ದು ಕೊಲ್ಲಿಯ ಗದ್ದೆ. ಎರಡು ಬೆಟ್ಟಗಳ ನಡುವಿನ ತಗ್ಗಿನಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಆ ಗದ್ದೆಗಳ ಬದುವಿನ ಹಿಂದೆ ಜೂನ್‌ನಿಂದ ಪುತ್ತರಿ ಸುಗ್ಗಿಹಬ್ಬದ ಹೊತ್ತಿನವರೆಗೆ ನೀರು ನಿಂತೇ ಇರುತ್ತದೆ. ಮೇಲಿನ ಗದ್ದೆಯ ಕಂಡಿಯಿಂದ ಕೆಳಗಿನ ಗದ್ದೆಗೆ, ಅಲ್ಲಿಂದ ತೋಡಿಗೆ. ಕೊಯ್ಲು ಮುಗಿದ ಮೇಲೂ ಆ ತಗ್ಗಿನ ಮಣ್ಣು ವಾರಗಟ್ಟಲೆ ಜಿನುಗುತ್ತದೆ. ಭತ್ತದ ಬೆಲೆಯಿಂದ ಈ ಕೆಲಸಕ್ಕೆ ಒಂದು ಪೈಸೆ ಸಿಗುವುದಿಲ್ಲ.

ಸಿಗದ್ದರಿಂದಲೇ ಗದ್ದೆ ಹೋಗುತ್ತಿದೆ. ಆಳು ಸಿಗುವುದಿಲ್ಲ, ಆನೆ ಬಿಡುವುದಿಲ್ಲ, ಭತ್ತಕ್ಕೆ ಬೆಲೆ ಇಲ್ಲ. ಕೆಲವರು ಪಾಳು ಬಿಟ್ಟರು. ಕೆಲವರು ಶುಂಠಿಗೆ ಗುತ್ತಿಗೆ ಕೊಟ್ಟರು. ಶುಂಠಿಗೆ ನೀರು ನಿಲ್ಲಬಾರದು, ಹಾಗಾಗಿ ಗದ್ದೆಯ ನಡುವೆ ಆಳದ ಕಾಲುವೆ ತೆಗೆದು ನೀರನ್ನು ಬಸಿದು ಓಡಿಸುತ್ತಾರೆ. ಕೆಲವು ಕಡೆ ಅಡಿಕೆ ಬಂತು, ಕೆಲವು ಕಡೆ ಮಣ್ಣು ತುಂಬಿ ನಿವೇಶನವಾಯಿತು, ರೆಸಾರ್ಟ್ ಆಯಿತು. ತಮ್ಮ ಮೂಲಮನೆಯಾದ ಐನ್‌ಮನೆಯ ಮುಂದಿನ ಗದ್ದೆಯಲ್ಲೇ ಕದಿರು ಕೊಯ್ಯುತ್ತಿದ್ದ ಒಕ್ಕಗಳಲ್ಲಿ, ಅಂದರೆ ಮನೆತನಗಳಲ್ಲಿ, ಕೆಲವು ಈಗ ಪುತ್ತರಿಗೆ ಬೇರೆಯವರ ಗದ್ದೆ ಹುಡುಕಿಕೊಂಡು ಹೋಗುತ್ತವೆ. ಭತ್ತ ಬಿಟ್ಟ ಗದ್ದೆಯ ಒಡೆಯರನ್ನು ದೂರಲು ನನಗೆ ಮನಸ್ಸು ಬಾರದು. ನಷ್ಟದ ಬೆಳೆಯನ್ನು ಊರಿನ ಒಳಿತಿಗಾಗಿ ಒಬ್ಬರೇ ಹೊರಬೇಕು ಎನ್ನುವುದು ಯಾವ ನ್ಯಾಯ?

ಇನ್ನೊಂದು ಹೊರೆ ಬೇಸಿಗೆಯ ಪಂಪು. ರೊಬಸ್ಟಾ ಕಾಫಿಗೆ ಫೆಬ್ರುವರಿ ಮಾರ್ಚ್ ಹೊತ್ತಿಗೆ ಹೂಮಳೆ ಬೇಕು. ಬಾರದಿದ್ದರೆ ಸ್ಪ್ರಿಂಕ್ಲರ್ ಹಾಕಲೇಬೇಕು, ಇಲ್ಲವಾದರೆ ಮುಂದಿನ ಫಸಲೇ ಇಲ್ಲ. ಒಂದು ಎಕರೆಗೆ ಒಂದು ಇಂಚು ನೀರು ಕೊಡುವುದೆಂದರೆ ಒಂದು ಲಕ್ಷ ಲೀಟರಿಗೂ ತುಸು ಹೆಚ್ಚು. ಕೆಳಗೆ ಸಂಪಾಜೆಯಿಂದ ಸುಳ್ಯದವರೆಗೆ ಅಡಿಕೆ ತೋಟಗಳಿಗೂ ಅದೇ ತಿಂಗಳಲ್ಲಿ ನೀರು ಬೇಕು, ಸುಳ್ಯ ಪಟ್ಟಣಕ್ಕೂ ಅದೇ ಹೊಳೆ. ಹೊಳೆ ಅತ್ಯಂತ ಸಣ್ಣಗಿರುವ ವಾರಗಳಲ್ಲೇ ಎಲ್ಲರ ಪೈಪೂ ಇಳಿಯುತ್ತದೆ. ಅದೇ ವಾರಗಳಲ್ಲಿ ಕೆಳಗೆ ಕಡಲು ಏರಲು ನೋಡುತ್ತಿರುತ್ತದೆ.

ಹಾಗಾದರೆ ಘಟ್ಟದಲ್ಲೇ ಹೊಳೆಗೆ ಅಣೆಕಟ್ಟು ಕಟ್ಟಿದರಾಯಿತಲ್ಲ ಎನ್ನುವವರಿದ್ದಾರೆ. 2018ರ ಆಗಸ್ಟಿನಲ್ಲಿ ಜೋಡುಪಾಲ, ಮದೆನಾಡು, ಮೊಣ್ಣಂಗೇರಿಯ ಬೆಟ್ಟಗಳು ಜರಿದು ಮರ, ಮಣ್ಣು, ಮನೆ ಎಲ್ಲವೂ ಹೊಳೆಗೆ ಬಂದದ್ದನ್ನು ನೋಡಿದ ಮೇಲೂ ಆ ಮಾತು ಆಡುವುದು ಕಷ್ಟ. ಕೊಯನಾಡಿನ ಕಿಂಡಿ ಅಣೆಕಟ್ಟಿಗೆ ಮಳೆಗಾಲದಲ್ಲಿ ದಿಮ್ಮಿಗಳು ಸಿಕ್ಕಿ ಹೊಳೆ ಪಕ್ಕಕ್ಕೆ ನುಗ್ಗಿದಾಗ ಪಾಡುಪಟ್ಟವರು ದಡದ ಮನೆಯವರು. ಕಡಿದಾದ ಹೊಳೆಯಲ್ಲಿ ಕಾಂಕ್ರೀಟಿಗಿಂತ ಕಾಸರಗೋಡಿನ ಕೃಷಿಕರ ಹಳೆಯ ಕಟ್ಟಗಳೇ ಮೇಲು. ಪೆರ್ಲದ ಬಳಿಯ ಏತಡ್ಕದಲ್ಲಿ ಮಳೆಗಾಲ ಮುಗಿದ ಮೇಲೆ ಕಲ್ಲು, ಮಣ್ಣು, ಮರ ಸೇರಿಸಿ ತೋಡಿಗೆ ಅಡ್ಡ ಕಟ್ಟುವ ತಾತ್ಕಾಲಿಕ ಕಟ್ಟಗಳ ಬಗ್ಗೆ ‘ಅಡಿಕೆ ಪತ್ರಿಕೆ’ಯ ಶ್ರೀಪಡ್ರೆ ವರ್ಷಗಳ ಕಾಲ ಬರೆದಿದ್ದಾರೆ. ಕಟ್ಟದ ಹಿಂದೆ ನಿಂತ ನೀರು ಸುತ್ತಲಿನ ಬಾವಿಗಳಿಗೆ, ನೀರಿಗಾಗಿ ಗುಡ್ಡಕ್ಕೆ ಅಡ್ಡ ಕೊರೆದ ಸುರಂಗಗಳಿಗೆ ಇಂಗುತ್ತದೆ. ಮಳೆ ಬಂದಾಗ ಕಟ್ಟ ತಾನೇ ಜಾಗ ಬಿಡುತ್ತದೆ. ಕೊಡಗಿನ ತೋಡುಗಳಿಗೂ ಇದು ಹೊಂದುತ್ತದೆ.

ಕರಾವಳಿಯ ಬಾವಿಗಳದು ಇನ್ನೊಂದು ಕಥೆ, ಅದೂ ಇದೇ ನಿಯಮದ್ದು. ನೆಲದಡಿಯಲ್ಲೂ ಸಿಹಿನೀರು ಉಪ್ಪುನೀರಿನ ಮೇಲೆಯೇ ಕೂತಿರುತ್ತದೆ. ಕಡಲಮಟ್ಟಕ್ಕಿಂತ ಒಂದು ಅಡಿ ಎತ್ತರಕ್ಕೆ ಸಿಹಿನೀರು ನಿಂತಿದ್ದರೆ ಕೆಳಗೆ ಸುಮಾರು ನಲವತ್ತು ಅಡಿಯಷ್ಟು ಸಿಹಿನೀರು ಇರುತ್ತದೆ ಎಂಬುದು ಭೂಜಲದವರ ಹಳೆಯ ಲೆಕ್ಕ. ತಿರುಗಿಸಿ ನೋಡಿ: ಪಂಪು ಹಾಕಿ ನೀರಿನ ಮಟ್ಟವನ್ನು ಒಂದು ಅಡಿ ಇಳಿಸಿದರೆ ಅಡಿಯಿಂದ ಉಪ್ಪು ನಲವತ್ತು ಅಡಿ ಏರಲು ದಾರಿಯಾಯಿತು.

ಕೊಡಗಿನ ನೀರು ಕಡಲನ್ನು ತಡೆಯುವ ಕಡೆ ಚಂದ್ರಗಿರಿ ಒಂದೇ ಅಲ್ಲ. ಬ್ರಹ್ಮಗಿರಿಯ ಬಾರಾಪೊಳೆ ಕಣ್ಣೂರಿನ ವಳಪಟ್ಟಣಂ ಹೊಳೆ ಸೇರುತ್ತದೆ. ಪುಷ್ಪಗಿರಿ ಮಗ್ಗುಲಿನ ಕುಮಾರಧಾರಾ ಉಪ್ಪಿನಂಗಡಿಯಲ್ಲಿ ನೇತ್ರಾವತಿಗೆ ಕೂಡಿ ತುಂಬೆ ಅಣೆಕಟ್ಟಿನ ಮೂಲಕ ಮಂಗಳೂರಿಗೆ ನೀರು ಕೊಡುತ್ತದೆ. 2016 ಮತ್ತು 2019ರ ಬೇಸಿಗೆಗಳಲ್ಲಿ ಮಂಗಳೂರಿನಲ್ಲಿ ನೀರಿಗೆ ರೇಷನ್ ಬಂತು, 2019ರಲ್ಲಿ ಧರ್ಮಸ್ಥಳಕ್ಕೆ ಬರುವವರು ಪ್ರವಾಸ ಮುಂದೂಡಬೇಕೆಂದು ಕ್ಷೇತ್ರದಿಂದಲೇ ಮನವಿ ಹೊರಟಿತು. ಎತ್ತಿನಹೊಳೆಯಿಂದ 24 ಟಿಎಂಸಿ ನೀರನ್ನು ಪೂರ್ವಕ್ಕೆ ತಿರುಗಿಸುವ ಯೋಜನೆಯ ಮೊದಲ ಹಂತ 2024ರಲ್ಲಿ ಚಾಲೂ ಆಯಿತು. ಎತ್ತಿನಹೊಳೆಯೂ ಕುಮಾರಧಾರೆಗೆ ಸೇರುವ ನೀರೇ. ಎತ್ತುವುದು ಮಳೆಗಾಲದ ನೀರನ್ನು ಮಾತ್ರ ಎಂಬುದು ಸರ್ಕಾರದ ಸಮಾಧಾನ. ಅಳಿವೆಗೆ ಮಳೆಗಾಲದ ನೆರೆಯೂ ಬೇಕು, ಮಣ್ಣು ಮರಳು ತಂದು ತುಂಬಲು, ವರ್ಷದ ಉಪ್ಪನ್ನು ತೊಳೆದು ಹಾಕಲು.

ಹೊಳೆಯ ನೀರು ‘ಸಮುದ್ರಕ್ಕೆ ಸೇರಿ ವ್ಯರ್ಥವಾಗುತ್ತಿದೆ’ ಎಂಬ ಮಾತನ್ನು ರಾಜಕಾರಣಿಗಳಿಂದ, ಎಂಜಿನಿಯರುಗಳಿಂದ, ನಮ್ಮ ಪತ್ರಿಕೆಗಳಿಂದಲೂ ಕೇಳಿ ಕೇಳಿ ಸಾಕಾಗಿದೆ. ಕಾವೇರಿ ನ್ಯಾಯಮಂಡಳಿ 2007ರ ಅಂತಿಮ ತೀರ್ಪಿನಲ್ಲಿ 740 ಟಿಎಂಸಿ ನೀರನ್ನು ಹಂಚಿತು. ಅದರಲ್ಲಿ ಪರಿಸರಕ್ಕೆಂದು 10, ತಡೆಯಲಾಗದೆ ಕಡಲು ಸೇರುವುದೆಂದು 4. ಎರಡೂ ಸೇರಿ ನೂರಕ್ಕೆ ಎರಡು ಪಾಲೂ ಇಲ್ಲ. ತಲಕಾವೇರಿಯಲ್ಲಿ ತೀರ್ಥ ಹಿಡಿಯಲು ನೂಕುನುಗ್ಗಲಾಗುವ ನಾಡಿನಲ್ಲಿ, ಅದೇ ನದಿ ಕಡಲು ಸೇರುವ ತಮಿಳುನಾಡಿನ ಪೂಂಪುಹಾರಿನಲ್ಲಿ ಏನಾಗಿದೆ ಎಂದು ಕೇಳುವವರು ಕಡಿಮೆ. ನಾಗಪಟ್ಟಣದ ಸುತ್ತಲಿನ ಬಯಲಿನಲ್ಲಿ ಉಪ್ಪುನೀರಿನ ಬಾವಿಗಳು, ಉಪ್ಪು ಹಿಡಿದ ಗದ್ದೆಗಳು ರೈತರ ನಿತ್ಯದ ಗೋಳು. ಭತ್ತ ಉಪ್ಪಿಗೆ ಬಲು ಸೂಕ್ಷ್ಮದ ಬೆಳೆ. ಮಣ್ಣಿನ ಉಪ್ಪು ಒಂದು ಹಂತ ದಾಟಿದರೆ ಪ್ರತಿ ಮೆಟ್ಟಿಲಿಗೂ ಇಳುವರಿ ಬೀಳುತ್ತ ಹೋಗುತ್ತದೆ.

ಇದು ಬಡ ದೇಶದ ಸಣ್ಣ ಹೊಳೆಗಳ ತೊಂದರೆ ಎಂದುಕೊಳ್ಳುವ ಹಾಗಿಲ್ಲ. 2023ರಲ್ಲಿ ಅಮೆರಿಕದ ಒಳನಾಡಿನಲ್ಲಿ ಬರ ಬಿದ್ದು ಮಿಸಿಸಿಪ್ಪಿಯಂಥ ಮಹಾನದಿ ಸೊರಗಿತು. ಮೆಕ್ಸಿಕೊ ಕೊಲ್ಲಿಯ ಉಪ್ಪು ನದಿಯ ತಳ ಹಿಡಿದು ನ್ಯೂ ಆರ್ಲಿಯನ್ಸ್ ಕಡೆಗೆ ಏರತೊಡಗಿತು. ಸೇನೆಯ ಎಂಜಿನಿಯರುಗಳು ನದಿಯ ತಳದಲ್ಲೇ ಹೂಳಿನ ಅಡ್ಡಗೋಡೆ ಎಬ್ಬಿಸಿದರು, ಕೆಳಗಿನ ಊರುಗಳಿಗೆ ದೋಣಿಗಳಲ್ಲಿ ಸಿಹಿನೀರು ಸಾಗಿಸಿದರು. ಬಾವಿಕ್ಕರದ ಮರಳು ಚೀಲಕ್ಕೂ ಇದಕ್ಕೂ ಗಾತ್ರದಲ್ಲಿ ಮಾತ್ರ ವ್ಯತ್ಯಾಸ. ಇದರ ಜೊತೆಗೆ ಕಡಲೂ ಏರುತ್ತಿದೆ. 1901ರಿಂದ 2018ರ ನಡುವೆ ಜಗತ್ತಿನ ಕಡಲಮಟ್ಟ ಸರಾಸರಿ 20 ಸೆಂಟಿಮೀಟರ್ ಏರಿದೆ, ವೇಗ ಹೆಚ್ಚುತ್ತಿದೆ.

ಉಪ್ಪನ್ನು ಪೂರ್ತಿ ಹೊರಗಿಡುವುದೂ ಜಾಣತನವಲ್ಲ ಎಂಬುದಕ್ಕೆ ಕಣ್ಣೂರಿನ ಕಾಟ್ಟಾಂಪಳ್ಳಿ ಸಾಕ್ಷಿ. ವಳಪಟ್ಟಣಂ ಹೊಳೆಯ ಬದಿಯ ಆ ಜವುಗುಭೂಮಿಗೆ 1966ರಲ್ಲಿ ರೆಗ್ಯುಲೇಟರ್ ಹಾಕಿ ಕಡಲ ನೀರನ್ನು ತಡೆದರು. ಎರಡು ಬೆಳೆ ಬರುತ್ತದೆ ಎಂಬ ಲೆಕ್ಕ ಕೈಕೊಟ್ಟಿತು. ಉಬ್ಬರವನ್ನೇ ನಂಬಿದ್ದ ಕೈಪಾಡ್ ಬೇಸಾಯವೂ ಹಾಳಾಯಿತು. ಕೈಪಾಡಿನಲ್ಲಿ ಬೇಸಿಗೆಯಲ್ಲಿ ಮಣ್ಣಿನ ಗುಪ್ಪೆ ಮಾಡಿಡುತ್ತಾರೆ, ಜೂನ್ ಮಳೆ ಗುಪ್ಪೆಯ ಉಪ್ಪನ್ನು ತೊಳೆದ ಮೇಲೆ ಮೊಳಕೆ ಬಂದ ಬೀಜ ಬಿತ್ತುತ್ತಾರೆ, ಕೊಯ್ಲಿನ ನಂತರ ಅದೇ ಗದ್ದೆಗೆ ಉಬ್ಬರದೊಂದಿಗೆ ಸಿಗಡಿ ಬರುತ್ತದೆ. ನಮ್ಮ ಅಘನಾಶಿನಿಯ ಗಜನಿಗಳಲ್ಲಿ ಕಗ್ಗ ಭತ್ತ ಬೆಳೆಯುವವರಿಗೂ ಈ ವಿದ್ಯೆ ಗೊತ್ತು. ಗೊಬ್ಬರವಿಲ್ಲದ ಈ ಬೇಸಾಯಕ್ಕೂ ಬೇಕಾದದ್ದು ಮಳೆಗಾಲದ ಸಿಹಿನೀರು, ಹೊತ್ತಿಗೆ ಸರಿಯಾಗಿ.

ಈಗ ಆಡಳಿತದ ಮಾತು. ಕೊಡಗಿನ ಅರಸರ ಕಾಲದಲ್ಲಿ ಸುಳ್ಯ ಸೀಮೆ ಕೊಡಗಿನದೇ ಆಗಿತ್ತು. 1834ರಲ್ಲಿ ಬ್ರಿಟಿಷರು ಅದನ್ನು ಕತ್ತರಿಸಿ ಕೆನರಾ ಜಿಲ್ಲೆಗೆ ಸೇರಿಸಿದರು. 1956ರಲ್ಲಿ ಕಾಸರಗೋಡು ಕೇರಳಕ್ಕೆ ಹೋಯಿತು. ನೂರು ಕಿಲೋಮೀಟರಿನ ಒಂದು ಹೊಳೆ ಮೂರು ಜಿಲ್ಲೆ, ಎರಡು ರಾಜ್ಯಗಳ ಪಾಲಾಯಿತು. ಕೊಡಗಿನಲ್ಲಿ ಗದ್ದೆ ಪರಿವರ್ತನೆಯ ಕಡತಕ್ಕೆ ಸಹಿ ಬೀಳುವಾಗ ಬಾವಿಕ್ಕರದ ಉಪ್ಪು ಆ ಕಡತದಲ್ಲಿ ಇರುವುದಿಲ್ಲ. ಅರೆಭಾಷೆ, ತುಳು, ಕನ್ನಡ, ಮಲಯಾಳ ಆಡುವ ದಡದ ಜನರಿಗೆ ಈ ನಂಟು ಗೊತ್ತು, ಕಚೇರಿಗಳಿಗೆ ತಿಳಿಸಬೇಕಾಗಿದೆ.

ಮಾಡಬೇಕಾದದ್ದು ಅಸಾಧ್ಯವೇನಲ್ಲ. ಭತ್ತದ ಗದ್ದೆಯನ್ನು ಗದ್ದೆಯಾಗಿಯೇ ಉಳಿಸಿಕೊಂಡವರಿಗೆ ಕೇರಳ ಸರ್ಕಾರ 2020ರಲ್ಲಿ ಹೆಕ್ಟೇರಿಗೆ ವರ್ಷಕ್ಕೆ 2,000 ರೂಪಾಯಿಯ ರಾಯಲ್ಟಿ ಕೊಡಲು ಶುರುಮಾಡಿತು. ಮೊತ್ತ ಸಣ್ಣದು, ಆದರೆ ಗದ್ದೆ ಭತ್ತವನ್ನಷ್ಟೇ ಅಲ್ಲ ನೀರನ್ನೂ ಕೊಡುತ್ತದೆ ಎಂದು ಒಂದು ಸರ್ಕಾರ ಲಿಖಿತವಾಗಿ ಒಪ್ಪಿತು. ಕರ್ನಾಟಕ ಕೊಡಗಿನ ಕೊಲ್ಲಿ ಗದ್ದೆಗಳಿಗೆ ಅದಕ್ಕಿಂತ ಹೆಚ್ಚಿನ, ಬೇಸಾಯ ಬಿಡದಂತೆ ಕಟ್ಟಿಹಾಕುವಷ್ಟು ಮೊತ್ತ ಕೊಡಬೇಕು. ಸಂಪಾಜೆಯಲ್ಲಿ ಡಿಸೆಂಬರಿನಿಂದ ಮೇ ತನಕ ಪಯಸ್ವಿನಿಯ ಹರಿವನ್ನು ಅಳೆದು ಪ್ರತಿ ವಾರ ಊರಿಗೆ ತಿಳಿಯುವಂತೆ ಪ್ರಕಟಿಸಬೇಕು, ಬಾವಿಕ್ಕರದ ಕ್ಲೋರೈಡ್ ಪ್ರಮಾಣವನ್ನೂ ಅದರ ಪಕ್ಕದಲ್ಲೇ. ಕಾಫಿ ತೋಟದವರಲ್ಲಿ ನನ್ನ ವಿನಂತಿ ಇಷ್ಟು: ಹೂಮಳೆಯ ನೀರನ್ನು ಮಾರ್ಚಿನ ತೋಡಿನಿಂದ ಎಳೆಯಬೇಡಿ. ಜುಲೈ ಆಗಸ್ಟಿನಲ್ಲಿ ಬೇಡವೆನ್ನುವಷ್ಟು ಸುರಿಯುವಾಗ ತೋಟದ ಕೆರೆ ತುಂಬಿಸಿಕೊಳ್ಳಿ, ಬೇಸಿಗೆಯಲ್ಲಿ ತೋಡನ್ನು ಹೊಳೆಗೆ ಬಿಡಿ.